ನಾಡಿ ನಿಧಾನವಾದಾಗ: ಹಾರ್ಟ್ ಬ್ಲಾಕ್ ಬಗ್ಗೆ ಕೆಲವು ಮಾತು

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ಆರೋಗ್ಯ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ನಾವು ಗಂಡಹೆಂಡಿರಿಬ್ಬರೂ ವೈದ್ಯರು. ಸಂಘಕ್ಕೆ ಈಗ 25 ತುಂಬಿತು, ಈ ಊರಿನಲ್ಲಿ ನಮ್ಮ ಕ್ಲಿನಿಕ್ಕಿಗೆ 26. ಸಂಘದ ಮೊದಲ ದಿನದ ಹಾಲನ್ನು ಅರಳಿಕಟ್ಟೆಯ ಮೇಲೆ ಅಳೆದದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಈಗ ಇಬ್ಬರ ಪರವಾಗಿ ಒಬ್ಬರು ಮಾತಾಡುತ್ತಿದ್ದೇವೆ. ತಪ್ಪಾದರೆ ಇನ್ನೊಬ್ಬರು ಅಲ್ಲಿ ಕುಳಿತಲ್ಲಿಂದಲೇ ಕೈ ಎತ್ತುತ್ತಾರೆ, ಅದು ಮನೆಯಲ್ಲೂ ಇರುವ ಪದ್ಧತಿ.

ಕಾರ್ಯದರ್ಶಿಗಳು ನಮ್ಮನ್ನು ಕೇಳಿದ್ದು ಸಕ್ಕರೆ ಕಾಯಿಲೆಯ ಬಗ್ಗೆ ಮಾತಾಡಿ ಎಂದು. ಸಕ್ಕರೆ ಕಾಯಿಲೆಯ ಬಗ್ಗೆ ಈಗ ಎಲ್ಲರಿಗೂ ಎಲ್ಲವೂ ಗೊತ್ತಿದೆ, ಪಥ್ಯ ಮಾಡುವುದೊಂದು ಬಿಟ್ಟು. ಅದಕ್ಕೇ ನಾವು ಬೇರೆ ವಿಷಯ ಆರಿಸಿಕೊಂಡೆವು. ಅದಕ್ಕೊಂದು ಕಾರಣವಿದೆ. ಮೊದಲು ಅದನ್ನೇ ಹೇಳಿಬಿಡುತ್ತೇವೆ.

ಹನ್ನೊಂದು ವರ್ಷದ ಹಿಂದಿನ ಮಾತು. ಸಂಘದ ಮೊದಮೊದಲ ಸದಸ್ಯರಲ್ಲೊಬ್ಬರು, ಎಪ್ಪತ್ತು ದಾಟಿದವರು. ಹೆಸರು ಬೇಡ. ಮನೆಯವರು ‘ಹೇಳಿ ಡಾಕ್ಟ್ರೇ, ನಾಲ್ಕು ಜನಕ್ಕೆ ಗೊತ್ತಾಗಲಿ’ ಎಂದು ಒಪ್ಪಿಗೆ ಕೊಟ್ಟಿದ್ದಾರೆ, ಆದರೂ ಬೇಡ. ಅವರು ನಮ್ಮ ಹತ್ತಿರ ಬಂದು ‘ಯಾಕೋ ಸುಸ್ತು, ಸೈಕಲ್ ತುಳಿಯೋಕೆ ಆಗ್ತಿಲ್ಲ, ಮೆಟ್ಟಿಲು ಹತ್ತಿದರೆ ಕಣ್ಣು ಮಂಜಾಗ್ತದೆ’ ಎಂದರು. ನಾವು ಬಿ.ಪಿ. ನೋಡಿದೆವು, ಕಣ್ಣಿನ ರೆಪ್ಪೆ ಬಿಡಿಸಿ ನೋಡಿದೆವು, ವಯಸ್ಸಾಯಿತಲ್ಲ ಎಂದುಕೊಂಡೆವು. ಕಬ್ಬಿಣದ ಟಾನಿಕ್ಕು, ಬಿ ಕಾಂಪ್ಲೆಕ್ಸ್ ಇಂಜೆಕ್ಷನ್ ಕೊಟ್ಟು ಕಳಿಸಿದೆವು. ಆ ದಿನದ ಚೀಟಿಯನ್ನು ನಾವು ಈಗಲೂ ಇಟ್ಟುಕೊಂಡಿದ್ದೇವೆ. ಅದರಲ್ಲಿ ಬಿ.ಪಿ. ಬರೆದಿದೆ, ನಾಡಿ ಬರೆದಿಲ್ಲ. ಅಂದು ಜನ ಬಹಳ ಇದ್ದರು ಎನ್ನುವುದು ನೆಪ. ನಾಡಿ ಹಿಡಿಯುವುದಕ್ಕೆ ಒಂದು ನಿಮಿಷ ಸಾಕು.

ಇಪ್ಪತ್ತು ದಿನದ ಮೇಲೆ ಅವರು ಕಣದಲ್ಲಿ ದಿಢೀರನೆ ಕುಸಿದು ಬಿದ್ದರು. ಕೈಕಾಲು ಎರಡು ಸಲ ಅದುರಿತು, ಮುಖ ಬಿಳಿಚಿತು. ಒಂದು ನಿಮಿಷದಲ್ಲಿ ಎದ್ದು ಕೂತು ‘ಏನೂ ಇಲ್ಲ ಕಣ್ರೋ, ಬಿಸಿಲು’ ಅಂದರು. ಕೈಗೆ ಬೀಗದ ಕೈ ಕೊಟ್ಟಿದ್ದರು, ಈರುಳ್ಳಿ ಮೂಸಿಸಿದ್ದರು. ಅದರಿಂದಲೇ ಎದ್ದರು ಎಂದು ಎಲ್ಲರ ನಂಬಿಕೆ. ಪೇಟೆಯಲ್ಲಿ ಯಾರೋ ನೋಡಿ ಮೂರ್ಛೆ ರೋಗ ಎಂದು ಫಿಟ್ಸ್ ಮಾತ್ರೆ ಬರೆದರು. ಮನೆಯಲ್ಲಿ ಹಿರಿಯರೊಬ್ಬರು ಹುಣಸೆಮರದ ಕಡೆ ಕೈ ತೋರಿಸಿದರು. ಮೂರನೆಯ ಸಲ ಬಿದ್ದಾಗ ನಮ್ಮ ಹತ್ತಿರ ಕರೆತಂದರು. ಆಗ ನಾಡಿ ಹಿಡಿದೆವು. ನಿಮಿಷಕ್ಕೆ 34. ತಾಲ್ಲೂಕು ಆಸ್ಪತ್ರೆಯ ಇಸಿಜಿಯಲ್ಲಿ ಪೂರ್ತಿ ಹಾರ್ಟ್ ಬ್ಲಾಕ್.

ಪೇಸ್‌ಮೇಕರ್ ಹಾಕಿಸಬೇಕು, ಇವತ್ತೇ ಹೊರಡಿ ಎಂದೆವು. ಹಸು ಮಾರುವ ಮಾತಾಯಿತು. ಅವರೇ ಒಪ್ಪಲಿಲ್ಲ. ‘ರಾಗಿ ಒಕ್ಕಣೆ ಮುಗೀಲಿ, ಆಮೇಲೆ ನೋಡನ’ ಎಂದರು. ನಾವು ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು. ಒಕ್ಕಣೆ ಮುಗಿಯುವ ಮುಂಚೆ, ಎಂಟನೆಯ ದಿನ ರಾತ್ರಿ, ನಿದ್ದೆಯಲ್ಲೇ ಹೋದರು. ‘ಪುಣ್ಯವಂತ, ಸುಖವಾದ ಸಾವು’ ಎಂದು ಊರೆಲ್ಲ ಹೇಳಿತು. ನಾವು ಹಾಗೆ ಹೇಳಲಾರೆವು.

ಇನ್ನು ವಿಷಯಕ್ಕೆ ಬರೋಣ. ‘ಹಾರ್ಟ್ ಬ್ಲಾಕ್’ ಎಂದ ಕೂಡಲೇ ನಿಮಗೆಲ್ಲ ನೆನಪಾಗುವುದು ಸ್ಟೆಂಟು. ‘ಅವನಿಗೆ ಮೂರು ಬ್ಲಾಕ್ ಇತ್ತಂತೆ, ಸ್ಟೆಂಟ್ ಹಾಕಿದ್ರಂತೆ’ ಎನ್ನುತ್ತೀರಿ. ಅದು ರಕ್ತನಾಳದ ಅಡಚಣೆ. ನಾವು ಇಂದು ಹೇಳುವ ಹಾರ್ಟ್ ಬ್ಲಾಕ್ ಅದಲ್ಲ. ಟ್ರ್ಯಾಕ್ಟರ್ ಇಟ್ಟವರಿಗೆ ಇದು ಬೇಗ ಅರ್ಥವಾಗುತ್ತದೆ. ಡೀಸೆಲ್ ಪೈಪು ಕಟ್ಟಿಕೊಂಡರೂ ಗಾಡಿ ಕೈಕೊಡುತ್ತದೆ, ವೈರಿಂಗ್ ಕೆಟ್ಟರೂ ಕೈಕೊಡುತ್ತದೆ. ಪೈಪು ಕಟ್ಟಿದ್ದಕ್ಕೆ ಒಬ್ಬ ಮೆಕ್ಯಾನಿಕ್, ವೈರಿಂಗಿಗೆ ಇನ್ನೊಬ್ಬ. ಸ್ಟೆಂಟು ಪೈಪಿನ ಕೆಲಸ. ಹಾರ್ಟ್ ಬ್ಲಾಕ್ ವೈರಿಂಗಿನ ತೊಂದರೆ, ಅದಕ್ಕೆ ಸ್ಟೆಂಟ್ ಹಾಕಿ ಪ್ರಯೋಜನವಿಲ್ಲ. ಒಬ್ಬರಿಗೇ ಎರಡೂ ಇರಬಹುದು, ಅದು ಬೇರೆ ಮಾತು.

ಹೃದಯಕ್ಕೂ ವೈರಿಂಗ್ ಇದೆಯೇ ಎಂದರೆ, ಇದೆ. ಹೃದಯದಲ್ಲಿ ನಾಲ್ಕು ಕೋಣೆ: ಮೇಲೆ ಎರಡು, ಕೆಳಗೆ ಎರಡು. ಮೇಲಿನವು ರಕ್ತವನ್ನು ತುಂಬಿಕೊಂಡು ಕೆಳಗೆ ಬಿಡುತ್ತವೆ. ಕೆಳಗಿನವು ಒತ್ತಿ ಶ್ವಾಸಕೋಶಕ್ಕೂ ಮೈಗೂ ಕಳಿಸುತ್ತವೆ. ಒತ್ತು ಎಂದು ಹೇಳುವವರು ಯಾರು? ಬಲಗಡೆಯ ಮೇಲಿನ ಕೋಣೆಯ ಗೋಡೆಯಲ್ಲಿ ಒಂದು ಚಿಕ್ಕ ಗಂಟು ಇದೆ, ಸೈನಸ್ ನೋಡ್ ಎನ್ನುತ್ತಾರೆ. ಅಲ್ಲಿಂದ ನಿಮಿಷಕ್ಕೆ 60ರಿಂದ 100 ಸಲ ಒಂದು ಸಣ್ಣ ವಿದ್ಯುತ್ ಅಲೆ ಹೊರಡುತ್ತದೆ. ದಿನಕ್ಕೆ ಸುಮಾರು ಒಂದು ಲಕ್ಷ ಸಲ. ಈ ಅಲೆ ಮೇಲಿನ ಕೋಣೆಗಳಲ್ಲಿ ಹರಡಿ, ನಡುವೆ ಇರುವ ಇನ್ನೊಂದು ಗಂಟಿಗೆ ಬರುತ್ತದೆ. ಅದು ಏ.ವಿ. ನೋಡ್. ಮೇಲಿನಿಂದ ಕೆಳಕ್ಕೆ ಹೋಗಲು ಇದೊಂದೇ ದಾರಿ. ಇಲ್ಲಿ ಅಲೆ ಬೇಕೆಂದೇ ಸ್ವಲ್ಪ ತಡೆಯುತ್ತದೆ, ಮೇಲಿನ ಕೋಣೆಯ ರಕ್ತ ಪೂರ್ತಿ ಕೆಳಗಿಳಿಯಲಿ ಎಂದು. ಆಮೇಲೆ ‘ಹಿಸ್ ಬಂಡಲ್’ ಎಂಬ ಎಳೆಕಟ್ಟಿನ ಮೂಲಕ ಇಳಿದು, ಎಡಬಲ ಕವಲೊಡೆದು, ಕೆಳಗಿನ ಕೋಣೆಗಳಿಗೆ ಮುಟ್ಟುತ್ತದೆ. ಈ ಎಳೆಕಟ್ಟನ್ನು 1893ರಲ್ಲಿ ವಿಲ್ಹೆಲ್ಮ್ ಹಿಸ್ ಎಂಬ ವೈದ್ಯರು ಗುರುತಿಸಿದರು. ನಡುವಣ ಗಂಟನ್ನು 1906ರಲ್ಲಿ ಜಪಾನಿನ ಸುನಾವೊ ತವಾರ, ಮೇಲಿನ ಗಂಟನ್ನು 1907ರಲ್ಲಿ ಇಂಗ್ಲೆಂಡಿನ ಕೀತ್ ಮತ್ತು ಫ್ಲ್ಯಾಕ್ ಕಂಡರು. ಅಷ್ಟು ಹೊತ್ತಿಗೆ ಮನುಷ್ಯ ಎಷ್ಟೋ ಸಾವಿರ ವರ್ಷ ನಾಡಿ ಹಿಡಿದು ನೋಡುತ್ತ ಬಂದಿದ್ದ ಎಂಬುದನ್ನು ಮರೆಯಬೇಡಿ.

ಈ ದಾರಿಯಲ್ಲಿ ಎಲ್ಲಾದರೂ ಅಲೆ ತಡವಾದರೆ, ತಪ್ಪಿದರೆ, ನಿಂತೇ ಹೋದರೆ ಅದು ಹಾರ್ಟ್ ಬ್ಲಾಕ್. ಮೂರು ದರ್ಜೆ. ನಮ್ಮ ಡೈರಿಯ ಲೆಕ್ಕದಲ್ಲೇ ಹೇಳುತ್ತೇವೆ, ಯಾರೂ ತಮಗೇ ಹೇಳಿದ್ದೆಂದು ತಿಳಿಯಬಾರದು.

ಮೊದಲನೆ ದರ್ಜೆ: ದಿನವೂ ಹಾಲು ಬರುತ್ತದೆ, ಆದರೆ ದಿನವೂ ತಡ. ಮೇಲಿನಿಂದ ಕೆಳಗೆ ಅಲೆ ಹೋಗಲು ಸೆಕೆಂಡಿನ ಐದರಲ್ಲೊಂದು ಪಾಲಿಗಿಂತ, ಅಂದರೆ 0.20 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಹೀಗೆನ್ನುತ್ತಾರೆ. ಇಸಿಜಿ ಕಾಗದದಲ್ಲಿ ಐದು ಚಿಕ್ಕ ಮನೆಗಿಂತ ಹೆಚ್ಚು. ಸಾಮಾನ್ಯವಾಗಿ ತೊಂದರೆ ಇಲ್ಲ, ನೋಡಿಕೊಂಡಿದ್ದರೆ ಸಾಕು. ‘ಫಸ್ಟ್ ಡಿಗ್ರಿ ಬ್ಲಾಕ್’ ಎಂದು ಬರೆದ ಕಾಗದ ಹಿಡಿದುಕೊಂಡು ಹೆದರಿ ರಾತ್ರಿಯೆಲ್ಲ ಎದ್ದು ಕೂತವರನ್ನು ನಾವು ಕಂಡಿದ್ದೇವೆ. ಹೆದರಬೇಡಿ.

ಎರಡನೆ ದರ್ಜೆಯಲ್ಲಿ ಎರಡು ಬಗೆ. ಕೆಲವು ಸದಸ್ಯರು ಇಂದು ಐದು ನಿಮಿಷ ತಡ, ನಾಳೆ ಹತ್ತು, ನಾಳಿದ್ದು ಹದಿನೈದು, ಆಮೇಲೆ ಒಂದು ದಿನ ಬರುವುದೇ ಇಲ್ಲ. ಮಾರನೆ ದಿನ ಮತ್ತೆ ಹೊತ್ತಿಗೆ ಸರಿಯಾಗಿ ಹಾಜರು. ಹೃದಯವೂ ಹೀಗೆ ಮಾಡುತ್ತದೆಂದು 1899ರಲ್ಲಿ ಹಾಲೆಂಡಿನ ವೆಂಕೆಬಾಕ್ ಎಂಬ ವೈದ್ಯರು ನಾಡಿಯಿಂದಲೇ ಕಂಡುಕೊಂಡರು. ಇದು ಅಷ್ಟೇನೂ ಕೆಟ್ಟದ್ದಲ್ಲ, ಗಟ್ಟಿಮುಟ್ಟಾದ ಯುವಕರಿಗೂ ನಿದ್ದೆಯಲ್ಲಿ ಆಗುವುದುಂಟು. ಇನ್ನೊಂದು ಬಗೆಯ ಸದಸ್ಯರು ದಿನವೂ ಗಡಿಯಾರದಂತೆ ಬರುತ್ತಾರೆ, ಒಂದು ದಿನ ಹೇಳದೆ ಕೇಳದೆ ಇಲ್ಲ. ಇದು ಮೋಬಿಟ್ಸ್ ಎಂಬವರು 1924ರಲ್ಲಿ ವಿಂಗಡಿಸಿದ ಎರಡನೆ ಬಗೆ. ಇದನ್ನೇ ನಂಬಬಾರದು. ಇಲ್ಲಿ ಕೆಟ್ಟಿರುವುದು ಸಾಮಾನ್ಯವಾಗಿ ಏ.ವಿ. ನೋಡಿಗಿಂತ ಕೆಳಗಿನ ಎಳೆಕಟ್ಟು. ಯಾವ ಗಳಿಗೆಯಲ್ಲಿ ಬೇಕಾದರೂ ಪೂರ್ತಿ ನಿಲ್ಲಬಹುದು.

ಮೂರನೆಯದು ಪೂರ್ತಿ ಬ್ಲಾಕ್. ಮೇಲಿನ ಒಂದು ಅಲೆಯೂ ಕೆಳಗೆ ಬಾರದು. ಆಗ ಹೃದಯ ನಿಂತೇ ಹೋಗಬೇಕಲ್ಲವೇ? ಆದರೆ ಕೆಳಗಿನ ಕೋಣೆಗಳು ಕಾದು ಕಾದು ತಾವೇ ಬಡಿಯಲು ಶುರು ಮಾಡುತ್ತವೆ, ನಿಮಿಷಕ್ಕೆ 20ರಿಂದ 40. ಮೇಲಿನವು ತಮ್ಮ ಪಾಡಿಗೆ 80 ಬಡಿಯುತ್ತಿರುತ್ತವೆ, ಕೆಳಗಿನವು ತಮ್ಮ ಪಾಡಿಗೆ 34. ಒಂದೇ ಮನೆಯಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ. ಇಷ್ಟರಲ್ಲಿ ಕೂತಿದ್ದರೆ ಜೀವ ನಡೆದೀತು, ಕೆಲಸಕ್ಕೆ ಸಾಲದು. ಅದಕ್ಕೇ ಆ ಸುಸ್ತು, ಏದುಸಿರು, ಕಣ್ಣು ಕತ್ತಲೆ, ಕಾಲು ಬಾವು. ಮೇಲಾಗಿ ಈ ಕೆಳಗಿನ ಬಡಿತಕ್ಕೆ ಭರವಸೆ ಇಲ್ಲ. ಅದು ನಾಲ್ಕಾರು ಸೆಕೆಂಡು ಸುಮ್ಮನಾದರೆ ತಲೆ ತಿರುಗುತ್ತದೆ, ಹತ್ತು ಸೆಕೆಂಡಿನ ಸುಮಾರಿಗೆ ಪ್ರಜ್ಞೆ ತಪ್ಪುತ್ತದೆ. ಇನ್ನೂ ಸುಮ್ಮನಿದ್ದರೆ ಕೈಕಾಲು ಅದುರುತ್ತದೆ. ಮತ್ತೆ ಬಡಿದರೆ ಮುಖಕ್ಕೆ ರಕ್ತ ಏರಿ ಕೆಂಪಾಗಿ ಮನುಷ್ಯ ಎದ್ದು ಕೂರುತ್ತಾನೆ. ಮತ್ತೆ ಬಡಿಯದಿದ್ದರೆ ಅಷ್ಟೇ.

ಇದನ್ನು ಡಬ್ಲಿನ್ ಪಟ್ಟಣದ ಇಬ್ಬರು ವೈದ್ಯರು, 1827ರಲ್ಲಿ ರಾಬರ್ಟ್ ಆಡಮ್ಸ್, 1846ರಲ್ಲಿ ವಿಲಿಯಂ ಸ್ಟೋಕ್ಸ್, ಬರೆದಿಟ್ಟರು. ಪದೇ ಪದೇ ಬೀಳುವವರ ನಾಡಿ ಬಹಳ ನಿಧಾನ, ತಪ್ಪು ತಲೆಯದಲ್ಲ ಹೃದಯದ್ದು ಎಂದು. ಇಸಿಜಿ ಇಲ್ಲದ ಕಾಲ, ಬರೀ ಬೆರಳು, ಕಿವಿ, ಗಡಿಯಾರ. ಇಸಿಜಿ ಇರುವ ಕಾಲದಲ್ಲಿ ನಾವು ಬೆರಳಿಡಲಿಲ್ಲ.

ಮೂರ್ಛೆ ರೋಗಕ್ಕೂ ಇದಕ್ಕೂ ವ್ಯತ್ಯಾಸ ತಿಳಿಯುವುದು ಹೇಗೆ ಎಂದು ಕೇಳುತ್ತೀರಿ. ಮೂರ್ಛೆ ರೋಗದಲ್ಲಿ ಸೆಳೆತ ಹೆಚ್ಚು ಹೊತ್ತು, ಎದ್ದ ಮೇಲೂ ಬಹಳ ಹೊತ್ತು ಮಂಕು, ನಾಲಗೆ ಕಚ್ಚಿಕೊಳ್ಳುವುದು ಹೆಚ್ಚು. ಹೃದಯದ್ದಾದರೆ ದಿಢೀರ್ ಬೀಳುವುದು, ಬಿಳಿಚುವುದು, ಬೇಗ ಎಚ್ಚರ, ಎಚ್ಚರವಾದ ಕೂಡಲೇ ಸರಿಯಾದ ಮಾತು. ಆದರೆ ಇದು ಕಡ್ಡಿ ಮುರಿದ ಹಾಗಲ್ಲ, ನಮಗೂ ತಪ್ಪುತ್ತದೆ. ಅದಕ್ಕೆ ಬಿದ್ದವರ ಹತ್ತಿರ ಇದ್ದವರು ಒಂದೇ ಕೆಲಸ ಮಾಡಿ. ಕಬ್ಬಿಣ, ಈರುಳ್ಳಿ ಬಿಡಿ, ಅಂಗಾತ ಮಲಗಿಸಿ, ಒಬ್ಬರು ನಾಡಿ ಹಿಡಿಯಿರಿ. ಉಸಿರೂ ಇಲ್ಲ, ಕರೆದರೆ ಓಗೊಡುವುದೂ ಇಲ್ಲ ಎಂದಾದರೆ ನಾಡಿ ಹುಡುಕುತ್ತ ಕೂರದೆ ಎದೆಯ ನಡುವೆ ಎರಡೂ ಕೈಯಿಟ್ಟು ಜೋರಾಗಿ, ಬೇಗ ಬೇಗ ಒತ್ತುತ್ತ ಹೋಗಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ.

ನಾಡಿ ನೋಡುವುದು ಡಾಕ್ಟರ ಕೆಲಸ ಎಂದುಕೊಳ್ಳಬೇಡಿ. ಹಸು ಕೆಚ್ಚಲು ಮುಟ್ಟಿ ಜ್ವರ ಹೇಳುವ ತಾಯಂದಿರಿದ್ದೀರಿ, ಇದೇನು ದೊಡ್ಡದು? ಐದು ನಿಮಿಷ ಸುಮ್ಮನೆ ಕೂರಿಸಿ. ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಬುಡದ ಕೆಳಗೆ, ನಿಮ್ಮ ನಡುವಿನ ಮೂರು ಬೆರಳಿಡಿ. ಹೆಬ್ಬೆರಳಿಡಬೇಡಿ, ನಿಮ್ಮದೇ ನಾಡಿ ಸಿಕ್ಕೀತು. ಪೂರ್ತಿ ಒಂದು ನಿಮಿಷ ಎಣಿಸಿ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ನಡುವೆ ತಪ್ಪಿದ ಬಡಿತ ಸಿಗುವುದಿಲ್ಲ. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಎಷ್ಟೋ ಮನೆಗಳ ಗೂಡಿನಲ್ಲಿ ಧೂಳು ಹಿಡಿದು ಕೂತಿದೆ. ಆಗ ಎಲ್ಲರೂ ಆಕ್ಸಿಜನ್ ಅಂಕಿಯೊಂದನ್ನೇ ನೋಡಿದಿರಿ. ಅದರಲ್ಲೇ ಇನ್ನೊಂದು ಅಂಕಿ ಇದೆ, ಅದು ನಾಡಿ. ಸೆಲ್ಲು ಹಾಕಿ ನೋಡಿ. ಹೊಲದಲ್ಲಿ ದುಡಿಯುವ ಗಟ್ಟಿ ಆಳಿಗೆ 50ರ ಮೇಲೆ ಕೆಳಗೆ ಇರಬಹುದು, ಯಾವ ತೊಂದರೆಯೂ ಇಲ್ಲದಿದ್ದರೆ ಚಿಂತೆಯಿಲ್ಲ. ಸುಸ್ತು, ತಲೆಸುತ್ತಿನ ಜೊತೆ 50ಕ್ಕಿಂತ ಕಮ್ಮಿ ಇದ್ದರೆ ಅಂದೇ ಇಸಿಜಿ ಮಾಡಿಸಿ. ತೊಂದರೆ ಇರಲಿ ಇಲ್ಲದಿರಲಿ, 40ಕ್ಕಿಂತ ಕಮ್ಮಿಯಾದರೆ ಯಾವ ಒಕ್ಕಣೆಯೂ ಅಡ್ಡ ಬರಬಾರದು.

ಯಾಕೆ ಬರುತ್ತದೆ? ಹೆಚ್ಚಿನವರಿಗೆ ವಯಸ್ಸು. ಆ ಎಳೆಕಟ್ಟು ಸವೆದು ನಾರುಗಟ್ಟುತ್ತದೆ. ಹೃದಯಾಘಾತವಾದಾಗಲೂ ಬರುತ್ತದೆ. ಹೃದಯದ ಕೆಳಭಾಗದ ಆಘಾತದಲ್ಲಿ ಬಂದದ್ದು ಎಷ್ಟೋ ಸಲ ಕೆಲವೇ ದಿನದಲ್ಲಿ ತಾನೇ ಸರಿಹೋಗುತ್ತದೆ. ಥೈರಾಯ್ಡ್ ಕಮ್ಮಿಯಾದರೆ, ಕಿಡ್ನಿ ಕೆಟ್ಟು ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ನಾಡಿ ನಿಧಾನವಾಗುತ್ತದೆ. ಅಪರೂಪಕ್ಕೆ ಹುಟ್ಟುವಾಗಲೇ ಇರುತ್ತದೆ. ಕೀಟನಾಶಕ ಹೊಡೆಯುವವರು ಬಾಯಿ ಮೂಗು ಕಟ್ಟಿಕೊಳ್ಳದೆ ಹೊಡೆದರೆ ಅದರ ವಿಷಕ್ಕೂ ನಾಡಿ ಇಳಿಯಬಹುದು. ಬೇಲಿಯ ಹಳದಿ ಕಣಗಿಲೆಯ ಕಾಯಿಯನ್ನು ಮಕ್ಕಳು ಆಟಕ್ಕೆ ಬಾಯಿಗೆ ಹಾಕಿಕೊಂಡರೆ ‘ವಾಂತಿಯಾಯಿತು, ಸರಿಹೋಯಿತು’ ಎಂದು ಬಿಡಬೇಡಿ. ಅದರ ವಿಷ ಹತ್ತುವುದು ಹೃದಯದ ಈ ದಾರಿಗೇ. ಆಸ್ಪತ್ರೆಯಲ್ಲಿಟ್ಟು ಇಸಿಜಿ ನೋಡುತ್ತಿರಬೇಕು.

ಇನ್ನೊಂದು ಕಾರಣ ಮಾತ್ರೆ. ಕೆಳಗಿನ ಬೀದಿಯ ಒಬ್ಬ ಅಜ್ಜಿಗೆ ಒಂದು ಕಡೆ ಬಿ.ಪಿ.ಗೆ ಅಟೆನೊಲಾಲ್ ಬರೆದಿದ್ದರು, ಇನ್ನೊಂದು ಕಡೆ ಡಿಲ್ಟಿಯಾಜೆಮ್. ಎರಡೂ ನಾಡಿಯನ್ನು ನಿಧಾನ ಮಾಡುವಂಥವು. ಒಂದರ ಚೀಟಿ ಇನ್ನೊಬ್ಬರಿಗೆ ತೋರಿಸಿರಲಿಲ್ಲ. ಅವರ ಸೊಸೆ ಹಾಲು ಹಾಕಲು ಬಂದವರು ದಾರಿಯಲ್ಲೇ ‘ಅತ್ತೆಗೆ ನಾಡಿ 38 ಐತೆ ಡಾಕ್ಟ್ರೇ’ ಎಂದರು. ಆಕ್ಸಿಮೀಟರಿನಲ್ಲಿ ನೋಡಿದ್ದರಂತೆ. ಆಸ್ಪತ್ರೆಗೆ ಸೇರಿಸಿ, ಮಾತ್ರೆ ನಿಲ್ಲಿಸಿ, ನಾಲ್ಕು ದಿನದಲ್ಲಿ ನಾಡಿ 70ಕ್ಕೆ ಬಂತು. ಪೇಸ್‌ಮೇಕರ್ ಬೇಕಾಗಲಿಲ್ಲ. ಇದನ್ನು ಕೇಳಿ ನಾಳೆಯಿಂದ ಯಾರೂ ಬಿ.ಪಿ. ಮಾತ್ರೆಯನ್ನು ತಾವೇ ಬಿಡಬೇಡಿ, ಅದು ಇನ್ನೊಂದು ಅಪಾಯ. ಎಲ್ಲ ಮಾತ್ರೆಯನ್ನೂ ಒಂದೇ ಚೀಲದಲ್ಲಿ ತಂದು ಮುಂದೆ ಸುರಿಯಿರಿ, ನಾವು ಬೈಯುವುದಿಲ್ಲ.

ಪೇಸ್‌ಮೇಕರ್ ಎಂದರೆ ಹೆದರುವವರಿಗೆ ಅದರ ಹುಟ್ಟಿನ ಕತೆ ಹೇಳಬೇಕು. ಮೊದಲಿಗೆ ಅದು ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ದೊಡ್ಡ ಪೆಟ್ಟಿಗೆಯಾಗಿತ್ತು. ಕರೆಂಟು ಹೋದರೆ ಮುಗಿಯಿತು, ಈ ಸಂಕಟ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? 1957ರ ಅಕ್ಟೋಬರ್ 31ರಂದು ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಕರೆಂಟು ಹೋಯಿತು. ಹೃದಯದ ಆಪರೇಷನ್ನಾದ ಮಕ್ಕಳು ಇಂಥ ಪೆಟ್ಟಿಗೆಯ ಮೇಲೆಯೇ ಬದುಕಿದ್ದ ಆಸ್ಪತ್ರೆ ಅಲ್ಲಿತ್ತು. ಅಲ್ಲಿನ ಸರ್ಜನ್ ಲಿಲ್ಲೆಹೈ ಅವರು ಆಸ್ಪತ್ರೆಯ ಯಂತ್ರ ರಿಪೇರಿ ಮಾಡುತ್ತಿದ್ದ ಅರ್ಲ್ ಬಾಕನ್ ಎಂಬವರನ್ನು ಕರೆದು ಬೇರೆ ದಾರಿ ಹುಡುಕು ಎಂದರು. ಬಾಕನ್ ಸಂಗೀತದವರು ತಾಳಕ್ಕೆ ಇಟ್ಟುಕೊಳ್ಳುವ ಮೆಟ್ರೊನೋಮ್ ಯಂತ್ರದ ನಕ್ಷೆಯನ್ನು ಒಂದು ಪತ್ರಿಕೆಯಲ್ಲಿ ನೋಡಿದ್ದರು. ಅದನ್ನೇ ತಿದ್ದಿ, ಕೆಲವೇ ವಾರದಲ್ಲಿ ಕೈಯಲ್ಲಿ ಹಿಡಿಯುವ ಬ್ಯಾಟರಿ ಪೆಟ್ಟಿಗೆ ಮಾಡಿಕೊಟ್ಟರು.

ಮೈಯೊಳಗೆ ಇಟ್ಟದ್ದು ಮಾರನೆ ವರ್ಷ. ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಆರ್ನೆ ಲಾರ್ಸನ್ ಎಂಬ 43 ವರ್ಷದವರಿಗೆ ಪೂರ್ತಿ ಬ್ಲಾಕ್ ಆಗಿ ದಿನಕ್ಕೆ ಎಷ್ಟೋ ಸಲ ಪ್ರಜ್ಞೆ ತಪ್ಪುತ್ತಿತ್ತು. ಅವರ ಹೆಂಡತಿ ಎಲ್ಸೆ ಮರೀ ಸುಮ್ಮನೆ ಅಳುತ್ತ ಕೂರಲಿಲ್ಲ. ಸರ್ಜನ್ ಓಕೆ ಸೆನ್ನಿಂಗ್, ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ಅವರ ಬೆನ್ನು ಹತ್ತಿದರು. ಮನುಷ್ಯನಿಗೆ ಹಾಕುವಂಥದ್ದು ಇನ್ನೂ ಇಲ್ಲವಲ್ಲಮ್ಮ ಎಂದರೆ, ಇಲ್ಲದಿದ್ದರೆ ಮಾಡಿ ಎಂದರು. 1958ರ ಅಕ್ಟೋಬರ್ 8ರಂದು ಹಾಕಿದರು. ಮೊದಲನೆಯದು ಕೆಲವೇ ಗಂಟೆ ನಡೆದು ಕೆಟ್ಟಿತು, ಎರಡನೆಯದನ್ನು ಹಾಕಿದರು. ಆಮೇಲೆ ಲಾರ್ಸನ್ನರಿಗೆ ಇಪ್ಪತ್ತಕ್ಕೂ ಹೆಚ್ಚು ಸಲ ಬದಲಾಯಿಸಬೇಕಾಯಿತು. ಅವರು ತೀರಿಕೊಂಡದ್ದು 2001ರಲ್ಲಿ, 86ನೇ ವಯಸ್ಸಿನಲ್ಲಿ. ಹಾಕಿದ ಸರ್ಜನ್ನು, ಮಾಡಿದ ಎಂಜಿನಿಯರು ಇಬ್ಬರೂ ಅವರಿಗಿಂತ ಮೊದಲೇ ಹೋಗಿದ್ದರು. ಈ ಕತೆಯನ್ನು ಆ ಹಿರಿಯರಿಗೆ ಅಂದು ಹೇಳಿದ್ದರೆ ಒಪ್ಪುತ್ತಿದ್ದರೇನೋ ಎಂದು ನಮಗೆ ಅನಿಸುವುದುಂಟು.

ಈಗಿನ ಪೇಸ್‌ಮೇಕರ್ ಬೆಂಕಿಪೊಟ್ಟಣಕ್ಕಿಂತ ತೆಳು, ತೂಕ ಇಪ್ಪತ್ತು ಮೂವತ್ತು ಗ್ರಾಂ. ಎದೆ ಸೀಳುವುದಿಲ್ಲ. ಕೊರಳೆಲುಬಿನ ಕೆಳಗೆ, ಹೆಚ್ಚಾಗಿ ಎಡಗಡೆ, ಅಷ್ಟು ಜಾಗಕ್ಕೆ ಮಾತ್ರ ಮರಗಟ್ಟಿಸಿ, ಚರ್ಮದ ಕೆಳಗೆ ಇಡುತ್ತಾರೆ. ಅದರ ತಂತಿ ರಕ್ತನಾಳದ ಮೂಲಕ ಹೃದಯಕ್ಕೆ ಹೋಗುತ್ತದೆ. ಹೃದಯ ತಾನೇ ಬಡಿದರೆ ಸುಮ್ಮನಿರುತ್ತದೆ, ತಪ್ಪಿದರೆ ಬಡಿಸುತ್ತದೆ. ಬ್ಯಾಟರಿ ಸಾಮಾನ್ಯವಾಗಿ ಎಂಟು ಹತ್ತು ವರ್ಷ ಬರುತ್ತದೆ. ಆಮೇಲೆ ಪೆಟ್ಟಿಗೆಯನ್ನು ಮಾತ್ರ ಬದಲಿಸುತ್ತಾರೆ. ಇದೇ ಸಭೆಯಲ್ಲಿ ಒಬ್ಬರು ಹಾಕಿಸಿಕೊಂಡವರು ಕುಳಿತಿದ್ದಾರೆ, ಬೆಳಿಗ್ಗೆ ಹನ್ನೆರಡು ಲೀಟರ್ ಹಾಲು ಹಾಕಿ ಬಂದಿದ್ದಾರೆ. ಯಾರೆಂದು ಹುಡುಕಬೇಡಿ.

ಖರ್ಚಿನ ಮಾತು. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದ ಚಿಕಿತ್ಸೆಗಳ ಪಟ್ಟಿಯಲ್ಲಿ ಪೇಸ್‌ಮೇಕರ್ ಅಳವಡಿಸುವುದೂ ಇದೆ, ರೇಷನ್ ಕಾರ್ಡು ಆಧಾರ್ ಜೊತೆಯಲ್ಲಿರಲಿ. ಸಹಕಾರ ಸಂಘದವರಿಗೆಂದೇ 2003ರಲ್ಲಿ ಶುರುವಾದ ಯಶಸ್ವಿನಿ 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ಸೇರಿಹೋಗಿ, 2022-23ರಲ್ಲಿ ಮತ್ತೆ ಬಂತು. ಅದಕ್ಕೆ ವರ್ಷವರ್ಷ ಹೆಸರು ಬರೆಸಬೇಕು, ಕೊನೆ ತಾರೀಖು ಮುಗಿದ ಮೇಲೆ ಕಾರ್ಯದರ್ಶಿಗಳ ಮೇಲೆ ಕೂಗಾಡಿದರೆ ಆಗದು. ಯಾವ ಆಸ್ಪತ್ರೆಯಲ್ಲಿ ಯಾವ ಚಿಕಿತ್ಸೆಗೆ ನಡೆಯುತ್ತದೆ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಬೆಂಗಳೂರು, ಮೈಸೂರು, ಕಲಬುರಗಿಗಳಲ್ಲಿ ಸರ್ಕಾರದ ಜಯದೇವ ಹೃದ್ರೋಗ ಸಂಸ್ಥೆ ಇದೆ.

ಹಾಕಿಸಿಕೊಂಡವರು ಕೆಲವು ವಾರ ಆ ಕಡೆಯ ಕೈಯನ್ನು ಹೆಗಲಿನ ಮೇಲಕ್ಕೆ ಎತ್ತಬಾರದು, ಕ್ಯಾನು ಹೊರಬಾರದು. ಮೊಬೈಲನ್ನು ಆ ಕಡೆಯ ಜೇಬಿನಲ್ಲಿ ಇಡಬೇಡಿ, ಇನ್ನೊಂದು ಕಿವಿಗೆ ಹಿಡಿಯಿರಿ. ವೆಲ್ಡಿಂಗ್ ಮಾಡುವ ಕಡೆ ದೂರವಿರಿ, ಕರೆಂಟಿನ ಬೇಲಿ ಮುಟ್ಟಬೇಡಿ, ಓಡುತ್ತಿರುವ ಇಂಜಿನ್ನಿನ ಮೇಲೆ ಬಗ್ಗಬೇಡಿ. ಟೀವಿ, ಮಿಕ್ಸಿ, ಪಂಪ್‌ಸೆಟ್ಟಿನ ಸ್ವಿಚ್ಚು ಇವಕ್ಕೆಲ್ಲ ಅಡ್ಡಿಯಿಲ್ಲ. ಎಂ.ಆರ್.ಐ. ಮಾಡಿಸುವ ಮುಂಚೆ ಕಾರ್ಡು ತೋರಿಸಿ, ಕೆಲವು ಪೇಸ್‌ಮೇಕರಿಗೆ ಆಗುತ್ತದೆ, ಕೆಲವಕ್ಕೆ ಆಗದು. ಇನ್ನೊಂದನ್ನು ಶುಭ ಸಮಾರಂಭದಲ್ಲಿ ಹೇಳಬಾರದು, ಆದರೂ ಹೇಳುತ್ತೇವೆ. ಇಂಥವರು ತೀರಿಕೊಂಡಾಗ ಸುಡುವ ಪದ್ಧತಿಯವರು ಮೊದಲು ವೈದ್ಯರಿಗೆ ತಿಳಿಸಿ ಪೆಟ್ಟಿಗೆ ತೆಗೆಸಬೇಕು. ಬೆಂಕಿಯಲ್ಲಿ ಬ್ಯಾಟರಿ ಸಿಡಿಯುತ್ತದೆ.

ಊಟಕ್ಕೆ ಇನ್ನೂ ಅರ್ಧ ಗಂಟೆ ಇದೆ ಎಂದು ಅಡುಗೆಯವರು ಕೈಸನ್ನೆ ಮಾಡುತ್ತಿದ್ದಾರೆ. ಹಾಲು ಪರೀಕ್ಷೆಯ ಮೇಜಿನ ಹತ್ತಿರ ನಾವಿಬ್ಬರೂ ಕೂರುತ್ತೇವೆ, ಗಡಿಯಾರ ತಂದಿದ್ದೇವೆ. ಅರವತ್ತು ದಾಟಿದವರು ಮೊದಲು ಬನ್ನಿ. ಜೊತೆಯಲ್ಲಿ ಸೊಸೆಯನ್ನೋ ಮೊಮ್ಮಗಳನ್ನೋ ಕರೆತನ್ನಿ, ಎಣಿಸುವವರು ಅವರೇ.